ಹೊಸಿಲು ದಾಟದ ಕಡ್ಲೆ

ಆ ಶುಕ್ರವಾರದವರೆಗೆ ನಮ್ಮ ಮನೆಯ ಕಿಟಕಿಗಳಿಗೆ ಪರದೆಗಳಿದ್ದವು. ಆಷಾಢದ ಗಾಳಿಗೆ ಅವು ಉಬ್ಬಿ ಇಳಿಯುತ್ತಿದ್ದವು. ನಾನು ತರಗುಪೇಟೆಯ ಮಂಡಿಯಿಂದ ಬಂದು, ಬಚ್ಚಲಲ್ಲಿ ಕೈಕಾಲು ತೊಳೆದು, ತಲೆಗೆ ಮೆತ್ತಿದ್ದ ಬೇಳೆಯ ಧೂಳು ಕೊಡವಿಕೊಂಡು ಕಾಫಿಗೆ ಕೂತಿದ್ದೆ. ಅಮ್ಮ ದೇವರಮನೆಯ ಬಾಗಿಲಲ್ಲಿ ಬತ್ತಿ ಹೊಸೆಯುತ್ತಿದ್ದಳು. ನಮ್ಮ ನಾಯಿ ಕಡ್ಲೆ ನಡುಮನೆಯ ಹೊಸಿಲಿನ ಆಚೆ ಕೂತು ನನ್ನ ಮುಖ ನೋಡುತ್ತಿತ್ತು. ನನ್ನ ಹೆಂಡತಿ ಗಿರಿಜಾ ಹಳೇ ಪೇಪರು ಹಾಸಿಕೊಂಡು ಹುರುಳಿಕಾಯಿಯ ನಾರು ತೆಗೆಯುತ್ತಿದ್ದವಳು, ಕಾಯಿಗಳನ್ನು ಪಕ್ಕಕ್ಕೆ ಸರಿಸಿ ಪೇಪರನ್ನೇ ಓದತೊಡಗಿದಳು.

"ರೀ, ಇಲ್ಕೇಳಿ. ನಾಯಿಗಳಿಗೆ ಸ್ಪರ್ಧೆಯಂತೆ. ಅಜಿಲಿಟಿ ಅಂತೆ. ಕೋಲು ಹಾರ್ಬೇಕು, ಸುರಂಗದಲ್ಲಿ ನುಗ್ಬೇಕು, ಸಾಲಾಗಿ ನೆಟ್ಟಿರೋ ಕಂಬದ ಮಧ್ಯ ಹಾವಿನ ಥರ ಹೋಗ್ಬೇಕು. ಸಾಕಿದೋರೂ ಜೊತೇಲಿ ಓಡ್ಬೇಕು."

"ಒಳ್ಳೇದು" ಅಂದೆ.

"ಜಾತಿನಾಯಿನೇ ಆಗ್ಬೇಕು ಅಂತಿಲ್ವಂತೆ. ಬೀದಿನಾಯಿಗೂ ಬೇರೆ ವಿಭಾಗ ಇದೆ. ಕಾರ್ತೀಕದಲ್ಲಿ."

"ಒಳ್ಳೇದು" ಅಂದೆ ಮತ್ತೆ. ಮಾತು ಅಲ್ಲಿಗೆ ಮುಗಿಯಿತೆಂದುಕೊಂಡೆ.

ಮರುದಿನ ಸಂಜೆ ಬಂದಾಗ ಕಿಟಕಿಗಳು ಬೋಳಾಗಿದ್ದವು. ಪರದೆಗಳನ್ನು ಮಡಿಸಿ ಮಂಚದ ಮೇಲಿಟ್ಟಿದ್ದಳು. ಅವುಗಳ ಆರು ಕಂಬಿಗಳು ಮನೆಯ ಪಕ್ಕದ ಉದ್ದನೆಯ ಓಣಿಯಲ್ಲಿ ಇಟ್ಟಿಗೆಗಳ ಮೇಲೆ ಸಾಲಾಗಿ ಕೂತಿದ್ದವು.

"ಎದುರುಮನೆಯೋರಿಗೆಲ್ಲ ನಮ್ಮನೆ ಒಳಗೆ ಕಾಣತ್ತಲ್ಲೇ."

"ಕಾಣ್ಲಿ ಬಿಡ್ರೀ. ಏನಿದೆ ಕಾಣಕ್ಕೆ? ನೀವು ಕಾಫಿ ಕುಡಿಯೋದು ತಾನೇ?"

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಈಗ ಇದನ್ನು ಬರೆಯಲು ಕಾರಣ, ಮೊನ್ನೆ ಸುಣ್ಣ ಹೊಡೆಸಲು ಅಟ್ಟ ಖಾಲಿ ಮಾಡಿಸುವಾಗ ಕೆಳಗೆ ಬಿದ್ದ ಒಂದು ಗೋಣಿಯ ಸುರುಳಿ. ಸೈಕಲ್ ಚಕ್ರದ ರಿಮ್ಮುಗಳಿಗೆ ಗೋಣಿತಟ್ಟು ಸುತ್ತಿ ಹೊಲಿದ ಕೊಳವೆ. ಸುಣ್ಣ ಹೊಡೆಯುವವನು "ಇದೇನ್ ಸಾರ್, ಬಿಸಾಕ್ಲಾ?" ಎಂದು ಅದನ್ನು ಒದ್ದಾಗ ವಾಸನೆ ಎದ್ದಿತು. ಮೊದಲು ಸೆಣಬು, ಆಮೇಲೆ ತೊಗರಿಬೇಳೆಯ ಧೂಳು, ಅದರ ಅಡಿಯಲ್ಲಿ ಒದ್ದೆ ನಾಯಿ. ಇಷ್ಟು ವರ್ಷವಾದರೂ ಒದ್ದೆ ನಾಯಿ. ನಾನು "ಬೇಡ, ಅಲ್ಲೇ ಇರ್ಲಿ" ಅಂದೆ. ಅವನು ನನ್ನನ್ನು ಒಂಥರಾ ನೋಡಿದ.

ಕಡ್ಲೆಯನ್ನು ಮನೆಗೆ ತಂದವನು ನಾನೇ. ಮಂಡಿಯ ಹಿಂಭಾಗದಲ್ಲಿ, ಕಡಲೆ ಮೂಟೆಗಳ ಸಂದಿಯಲ್ಲಿ ಒಂದು ನಾಯಿ ಮರಿ ಹಾಕಿತ್ತು. ಉಳಿದವನ್ನು ಹಮಾಲರು ಒಬ್ಬೊಬ್ಬರಾಗಿ ಒಯ್ದರು. ಕಂದು ಬಣ್ಣದ ಒಂದು ಉಳಿಯಿತು. ಟವೆಲಿನಲ್ಲಿ ಸುತ್ತಿ ಚಾಮರಾಜಪೇಟೆಯ ಮನೆಗೆ ತಂದಾಗ ಅಮ್ಮ ಬಾಗಿಲಿಗೆ ಅಡ್ಡ ನಿಂತಳು. ದಿನಾ ಬೆಳಿಗ್ಗೆ ಸ್ನಾನ ಮಾಡಿ ಲಿಂಗಪೂಜೆ ಆಗದೆ ನೀರು ಮುಟ್ಟುವವಳಲ್ಲ ಅಮ್ಮ. ನಾಯಿ ಅಡುಗೆಮನೆ, ದೇವರಮನೆಗೆ ಕಾಲಿಡಬಾರದು, ನಡುಮನೆಗೂ ಕೇಳದೆ ಬರಬಾರದು ಎಂದು ಕರಾರಾಯಿತು. ಅದನ್ನು ಕಲಿಸುವ ಕೆಲಸ ನನ್ನದು.

ನಮ್ಮದು ಹಳೇ ಕಾಲದ ಮನೆ. ಪ್ರತಿ ಬಾಗಿಲಿಗೂ ಮೊಣಕಾಲು ತಗಲುವಷ್ಟು ಎತ್ತರದ ಮರದ ಹೊಸಿಲು. ಮೂರು ತಿಂಗಳು ಹುರಿಗಡಲೆ ಕೈಯಲ್ಲಿ ಹಿಡಿದು ಕಲಿಸಿದೆ. ಹೊಸಿಲು ಬಂದರೆ ಕೂರಬೇಕು. ನಾನು "ಹೂಂ, ಬಾ" ಅಂದರೆ ಮಾತ್ರ ದಾಟಬೇಕು. ಕಲಿತುಬಿಟ್ಟಿತು. ಗೇಟಿನ ಕಲ್ಲಿಗೂ, ಬಚ್ಚಲ ಕಟ್ಟೆಗೂ, ಬಾಗಿಲಿಗೆ ಅಡ್ಡ ಬಿದ್ದ ಪೊರಕೆಗೂ ಕೂರುತ್ತಿತ್ತು. ಅಮ್ಮನೇ ಒಂದು ದಿನ, "ಅದಕ್ಕಿರೋ ಮಡಿ ನಿನಗಿಲ್ಲ ನೋಡು" ಅಂದಳು. ಎಸ್ಸೆಸ್ಸೆಲ್ಸಿ ಮುಗಿಸಿ ಮಂಡಿ ಸೇರಿದವನು ನಾನು. ಯಾರಿಗಾದರೂ ಏನಾದರೂ ಕಲಿಸಿದ್ದು ಅಂತ ಇದ್ದರೆ ಇದೊಂದೇ. ಬಂದವರ ಮುಂದೆಲ್ಲ ಮಾಡಿ ತೋರಿಸುತ್ತಿದ್ದೆ. ಗಿರಿಜಾಗೆ ಮಾತ್ರ ಇದು ಹಿಡಿಸಲಿಲ್ಲ. "ನಿಮ್ಮ ಹೊಸಿಲು ಶಾಸ್ತ್ರ ನಂಗೆ ಬೇಡ" ಎಂದು ಅದನ್ನು ಕಂಕುಳಲ್ಲಿ ಎತ್ತಿಕೊಂಡು ದಾಟಿಸಿಬಿಡುತ್ತಿದ್ದಳು.

ಗಿರಿಜಾ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಪಿ.ಟಿ. ಟೀಚರು. ಶಾಲೆಗೆ ಮೈದಾನವಿರಲಿಲ್ಲ. ಸಿಮೆಂಟು ಹಾಕಿದ ಒಂದು ಅಂಗಳ, ಅದರಲ್ಲಿ ಅರ್ಧ ಜಾಗ ಹೆಡ್‌ಮಿಸ್ಸಿನ ಕಾರಿಗೆ. ಇಪ್ಪತ್ತು ವರ್ಷ ಅವಳು ಮಕ್ಕಳನ್ನು ನಿಂತಲ್ಲೇ ಕೈಕಾಲು ಆಡಿಸಿ, ಸೀಟಿ ಊದಿ, ತರಗತಿಗೆ ಕಳಿಸಿದಳು. ಒಂದು ವರ್ಷವೂ ಅವಳ ತಂಡ ಬೇರೆ ಶಾಲೆಯ ಮೈದಾನಕ್ಕೆ ಓಡಲು ಹೋಗಲಿಲ್ಲ. ಪ್ರತಿ ಸಲ ಹೊರಡುವ ಹೊತ್ತಿಗೆ ಪರೀಕ್ಷೆಯೋ, ಯಾರದೋ ಅಪ್ಪನ ಬೇಡವೆಂಬ ಚೀಟಿಯೋ ಬರುತ್ತಿತ್ತು. "ಒಂದು ಸಲ ರೀ, ಶುರುವಿನ ಗೆರೆಯಿಂದ ಕೊನೇ ಗೆರೆಯವರೆಗೆ ನಾನು ಕಲ್ಸಿದ್ದು ಏನಾದ್ರೂ ಓಡಿ ಮುಗಿಸ್ಬೇಕು. ಗೆಲ್ಲೋದು ಬೇಡ. ಮುಗಿಸಿದ್ರೆ ಸಾಕು" ಎಂದು ಅವಳು ಆ ಆಷಾಢದಲ್ಲಿ ಹೇಳಿದಳು. ನನಗೆ ನಗು ಬಂದಿತ್ತು. ನಾಯಿ ತಾನೇ, ಅಂದುಕೊಂಡೆ.

ಆಮೇಲಿನ ನಾಲ್ಕು ತಿಂಗಳು ನಾನು ಪಟ್ಟ ಪಾಡು ಹೇಳಿ ಮುಗಿಯುವಂಥದ್ದಲ್ಲ. ಪೊರಕೆಕಡ್ಡಿ ಬಿಟ್ಟು ಮನೆಯಲ್ಲಿದ್ದ ಉದ್ದನೆಯ ಕೋಲುಗಳೆಲ್ಲ ಮಾಯವಾದವು. ಬಟ್ಟೆ ಒಣಹಾಕುವ ಗಳುವನ್ನು ಆರು ತುಂಡು ಮಾಡಿಸಿ, ಡಾಲ್ಡಾ ಡಬ್ಬಗಳಲ್ಲಿ ಸಿಮೆಂಟು ಕಲಸಿ ನೆಟ್ಟಳು. ಅಮ್ಮನ ಸೀರೆ ಒಣಗಲು ಜಾಗವಿಲ್ಲದೆ ನಡುಮನೆಗೆ ಹಗ್ಗ ಬಂತು. ನಾನು ಒದ್ದೆ ಸೀರೆಯ ಕೆಳಗೆ ಬಗ್ಗಿಕೊಂಡು ಊಟಕ್ಕೆ ಹೋಗುತ್ತಿದ್ದೆ. ಮಲಗುವ ಕೋಣೆಯ ಮಂಚದ ಹಲಗೆ ತೆಗೆದು ಏರಿಳಿಯುವ ತೂಗುಹಲಗೆ ಮಾಡಿದಳು. ಅದರ ಒಂದು ತುದಿ ಧಡ್ಡೆಂದು ಬಿದ್ದಾಗಲೆಲ್ಲ ಕಡ್ಲೆ ತುಳಸಿಕಟ್ಟೆಯ ಹಿಂದೆ ಅವಿತುಕೊಳ್ಳುತ್ತಿತ್ತು, ಎದುರುಮನೆಯವರು ಕಿಟಕಿಗೆ ಬರುತ್ತಿದ್ದರು.

"ರುದ್ರಣ್ಣೋರೇ, ಮನೇಲಿ ಏನ್ ಕಟ್ಟಿಸ್ತಿದೀರಾ?"

"ಏನಿಲ್ಲ, ನಮ್ಮನೆಯೋಳು ನಾಯಿಗೆ ಪಿ.ಟಿ. ಮಾಡಿಸ್ತಿದಾಳೆ" ಎಂದು ಹೇಳುವಾಗ ನನ್ನ ಮುಖ ಹೇಗಿರುತ್ತಿತ್ತೋ.

ಸುರಂಗ ಹೊಲಿದುಕೊಟ್ಟವರು ಬೀದಿಯ ತುದಿಯಲ್ಲಿ ಹಾಸಿಗೆ ಅಂಗಡಿ ಇಟ್ಟಿದ್ದ ಬಾಷಾ ಸಾಹೇಬರು. ಮಂಡಿಯಿಂದ ನಾನೇ ಹರಿದ ಗೋಣಿಚೀಲ ಹೊತ್ತು ತರಬೇಕಾಯಿತು. ಸಾಹೇಬರು ದಬ್ಬಳಕ್ಕೆ ಸೆಣಬಿನ ದಾರ ಪೋಣಿಸಿ, "ನಲವತ್ತು ವರ್ಷದಿಂದ ಹಾಸಿಗೆ ಹೊಲೀತಿದೀನಿ ಸ್ವಾಮಿ, ನಾಯಿಗೆ ಷರಾಯಿ ಹೊಲ್ದಿರ್ಲಿಲ್ಲ" ಎಂದು ನಕ್ಕರು. ಗೋಣಿಯನ್ನು ಸರಿಯಾಗಿ ಕೊಡವಿರಲಿಲ್ಲ. ಕಡ್ಲೆ ಮೊದಲ ಸಲ ಅದರೊಳಗೆ ಹೋಗಿ ಆಚೆ ಬಂದಾಗ ಮೈತುಂಬ ಹಳದಿ ಧೂಳು. ಹದಿನಾರು ಸಲ ಸೀನಿತು. ಗಿರಿಜಾ ಎಣಿಸಿದಳು.

ಬಲ ಬರಲು ದಿನಾ ಒಂದು ಮೊಟ್ಟೆ ಕೊಡಬೇಕೆಂದು ಅವಳಿಗೆ ಯಾರೋ ಹೇಳಿದರು. ನಮ್ಮ ಮನೆಯಲ್ಲಿ ಮೊಟ್ಟೆಯ ಹೆಸರೂ ಎತ್ತುವಂತಿರಲಿಲ್ಲ. ಸಾಹೇಬರ ಮನೆಯಲ್ಲಿ ಬೇಯಿಸಿ ಇಡುತ್ತಿದ್ದರು, ಕಡ್ಲೆ ಬೆಳಿಗ್ಗೆ ವಾಕಿಂಗ್ ನೆಪದಲ್ಲಿ ಹೋಗಿ ತಿಂದು ಬರುತ್ತಿತ್ತು. ಅಮ್ಮ ಅದರ ಬಾಯಿ ಹತ್ತಿರ ಮೂಗು ತಂದು, "ಏನೋ ವಾಸನೆ ಕಣೇ" ಅಂದರೆ, "ಹಲ್ಲಿನ ಪುಡಿ ಅತ್ತೆ" ಅನ್ನುತ್ತಿದ್ದಳು ಇವಳು. ಅಮ್ಮ ನಂಬಿದಳೆಂದು ನಾನು ನಂಬುವುದಿಲ್ಲ.

ನಾನು ಸಂಜೆ ಬರುವ ಹೊತ್ತಿಗೆ ಅಭ್ಯಾಸ ಶುರುವಾಗಿರುತ್ತಿತ್ತು. ಓಣಿಯ ಕೊನೆಯ ಮೆಟ್ಟಿಲ ಮೇಲೆ ಕೂತು ಕಾಫಿ ಕುಡಿಯಬೇಕು, ಒಳಗೆ ಹೋಗಲು ದಾರಿಯಿಲ್ಲ. ಗಿರಿಜಾ ಸೆರಗು ಸಿಕ್ಕಿಸಿ, ಕುತ್ತಿಗೆಗೆ ಸೀಟಿ ಹಾಕಿಕೊಂಡು ಆ ತುದಿಯಿಂದ ಓಡಿ ಬರುವಳು. ಕಡ್ಲೆ ಜೊತೆಗೆ ಓಡಿ, ಮೊದಲ ಕಂಬಿಯ ಮುಂದೆ ಚಕ್ಕನೆ ನಿಲ್ಲುವುದು. ಅವಳು "ಹಾರು!" ಎಂದು ಕೂಗಿ ಸೀಟಿ ಊದುವಳು. ಅದು ಕೂರುವುದು. ನನ್ನ ಕಾಫಿ ಆರುವುದು. ಬೇಸತ್ತು ನಾನು ಲೋಟದೊಳಗೇ, "ಹೂಂ, ಬಾ ಮಾರಾಯಾ, ಬೇಗ ಮುಗಿಸು" ಎಂದು ಗೊಣಗುತ್ತಿದ್ದೆ. ಅದು ಹಾರುತ್ತಿತ್ತು. ಎರಡನೆಯದರ ಮುಂದೆ ಮತ್ತೆ ಅದೇ. ನಾನು ಮತ್ತೆ ಗೊಣಗುವುದು. ಹಾರುವುದು. ದಿನ ಕಳೆದಂತೆ ಇದೆಲ್ಲ ಎಷ್ಟು ಬೇಗ ಬೇಗ ಆಗುತ್ತಿತ್ತೆಂದರೆ, ನಿಂತದ್ದೂ ಗೊತ್ತಾಗುತ್ತಿರಲಿಲ್ಲ, ಗೊಣಗಿದ್ದೂ ಗೊತ್ತಾಗುತ್ತಿರಲಿಲ್ಲ. ಗಿರಿಜಾ ತನ್ನ ಸೀಟಿಗೆ ಹಾರುತ್ತಿದೆ ಅಂದುಕೊಂಡಳು. ನಾನು ಕಾಫಿ ಕುಡಿಯುತ್ತಿದ್ದೇನೆ ಅಂದುಕೊಂಡೆ.

ಕೊನೆಯ ಕಂಬಿ ದಾಟಿದ ಮೇಲೆ ಅವಳು ನನ್ನ ಪಕ್ಕದ ಮೆಟ್ಟಿಲ ಮೇಲೆ ಕೂತು ಏದುಸಿರು ಬಿಡುತ್ತಿದ್ದಳು. ಮೊದಮೊದಲು ಒಂದು ನಿಮಿಷ. ನವರಾತ್ರಿಯ ಹೊತ್ತಿಗೆ ನನ್ನ ಲೋಟ ಖಾಲಿಯಾಗುವವರೆಗೂ ಕೂತಿರುತ್ತಿದ್ದಳು. "ನಲವತ್ತೈದು ಆಯ್ತು, ನಾಯಿ ಹಿಂದೆ ಓಡೋ ವಯಸ್ಸಾ ಇದು?" ಎಂದು ಬಯ್ದೆ. "ನಾಯಿ ಹಿಂದೆ ಅಲ್ಲ ರೀ, ಮುಂದೆ" ಅಂದಳು. ಅಷ್ಟೇ. ಇನ್ನೊಂದು ಪ್ರಶ್ನೆ ನಾನು ಕೇಳಲಿಲ್ಲ.

ಸ್ಪರ್ಧೆ ಇದ್ದದ್ದು ಕಂಟೋನ್ಮೆಂಟ್ ಕಡೆಯ ಒಂದು ಶಾಲೆಯ ಮೈದಾನದಲ್ಲಿ. ಆಟೋದವರು ಇಬ್ಬರು ನಾಯಿ ಹತ್ತಿಸಲ್ಲವೆಂದರು, ಮೂರನೆಯವನು ಹತ್ತಿಸಿಕೊಂಡ. ಅಲ್ಲಿ ನಾಯಿಗಳೆಲ್ಲ ಶಾಂಪೂ ಹಾಕಿಸಿಕೊಂಡು ಬಂದಿದ್ದವು, ಜನರೆಲ್ಲ ಇಂಗ್ಲಿಷಿನಲ್ಲಿ ನಾಯಿಗೆ ಬುದ್ಧಿ ಹೇಳುತ್ತಿದ್ದರು. ನಾನು ಇಸ್ತ್ರಿ ಮಾಡಿದ ಬಿಳಿ ಷರಟು ಹಾಕಿಕೊಂಡು ಹಗ್ಗದ ಆಚೆ, ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತೆ. ಗಿರಿಜಾ ಚೂಡಿದಾರ್ ಹಾಕಿದ್ದಳು. ಮದುವೆಯಾದ ಮೇಲೆ ಮೊದಲ ಸಲ.

ಮೈಕಿನಲ್ಲಿ ಹೆಸರು ಕೂಗಿದರು. ಸೀಟಿ ಊದಿದರು. ಇಬ್ಬರೂ ಚೆನ್ನಾಗಿಯೇ ಓಡಿದರು, ಹತ್ತು ಹೆಜ್ಜೆ. ಮೊದಲ ಕೋಲಿನ ಮುಂದೆ ಕಡ್ಲೆ ಕೂತಿತು.

"ಹಾರು! ಕಡ್ಲೆ, ಹಾರು!"

ಅದು ಬೆನ್ನು ನೆಟ್ಟಗೆ ಮಾಡಿಕೊಂಡು, ಕಿವಿ ನಿಮಿರಿಸಿ, ಮರ್ಯಾದಸ್ಥರ ಮನೆಯ ನಾಯಿಯ ಹಾಗೆ ಕೂತಿತ್ತು. ಗಿರಿಜಾಳ ಕಡೆ ನೋಡುತ್ತಿರಲಿಲ್ಲ. ಕತ್ತು ಹೊರಳಿಸಿ ಕುರ್ಚಿಗಳ ಸಾಲಿನಲ್ಲಿ ನನ್ನನ್ನು ಹುಡುಕಿ, ನನ್ನ ಮುಖವನ್ನೇ ನೋಡಿತು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಇನ್ನೊಬ್ಬರು, "ಇಟ್ಸ್ ಪ್ರೇಯಿಂಗ್" ಅಂದರು, ಎಲ್ಲರೂ ನಕ್ಕರು.

ನನಗೆ ಆ ಕ್ಷಣದಲ್ಲೇ ಗೊತ್ತಾಯಿತು. ಗಿರಿಜಾಗೂ. ಅವಳು ನಾಯಿಯನ್ನು ನೋಡಿದಳು, ಅದು ನೋಡುತ್ತಿದ್ದ ಕಡೆ ನೋಡಿದಳು. ಅವಳೇ ಒಂದು ಸಲ "ಹೂಂ, ಬಾ" ಅಂದು ನೋಡಿದಳು. ಅವಳ ಬಾಯಲ್ಲಿ ಆ ಮಾತನ್ನು ಅದು ಯಾವತ್ತೂ ಕೇಳಿರಲಿಲ್ಲ. ಕತ್ತು ಓರೆ ಮಾಡಿತು, ಏಳಲಿಲ್ಲ. ಆಗ ಅವಳು ಮೈದಾನದ ನಡುವಿನಿಂದ ಎಲ್ಲರಿಗೂ ಕೇಳುವ ಹಾಗೆ ಕೂಗಿದಳು.

"ರೀ! ಹೇಳ್ರೀ!"

ನೂರು ಜನ ತಿರುಗಿ ನನ್ನನ್ನು ನೋಡಿದರು. ನಾನು ಕಡಿಮೆ ಮಾತಿನವನು. ಮಂಡಿಯಲ್ಲೂ ಕೂಗಿ ಕರೆದವನಲ್ಲ. ಹೊರಗಿನವರು ಮಾತಾಡಬಾರದೆಂಬ ನಿಯಮ ಇರಬಹುದು ಎಂದು ನನಗೆ ನಾನೇ ಹೇಳಿಕೊಂಡು ತಲೆ ತಗ್ಗಿಸಿ ಷೂ ನೋಡಿಕೊಂಡು ಕೂತೆ. ಅಂಥ ನಿಯಮ ಇದೆಯೆಂದು ನನಗೆ ಯಾರೂ ಹೇಳಿರಲಿಲ್ಲ. ಸಮಯ ಮುಗಿದ ಗಂಟೆ ಹೊಡೆಯಿತು. ಗಿರಿಜಾ ನಾಯಿಯನ್ನು ಕಂಕುಳಲ್ಲಿ ಎತ್ತಿಕೊಂಡು ಹಗ್ಗ ದಾಟಿ ಬಂದಳು.

ಆಟೋದಲ್ಲಿ ಕಡ್ಲೆ ನಮ್ಮಿಬ್ಬರ ನಡುವೆ ಕೂತು ಗಾಳಿಗೆ ಮೂಗು ಚಾಚಿತ್ತು. ಅದಕ್ಕೆ ತಾನು ಬಹಳ ಚೆನ್ನಾಗಿ ನಡೆದುಕೊಂಡೆ ಅನ್ನಿಸಿರಬೇಕು. ಟೌನ್‌ಹಾಲ್ ಹತ್ತಿರ ಬಂದಾಗ ಗಿರಿಜಾ ಕೇಳಿದಳು.

"ಒಂದು ಮಾತು. ಒಂದೇ ಒಂದು ಮಾತು ಹೇಳಕ್ಕಾಗ್ಲಿಲ್ವಾ ನಿಮ್ಗೆ?"

"ಅಷ್ಟು ಜನದ ಮುಂದೆ ಹೆಂಗೆ ಕೂಗ್ಲಿ?"

"ನಾನು ಕೂಗ್ಲಿಲ್ವಾ?"

ನಾನು ಸಿಟ್ಟು ಮಾಡಿಕೊಂಡೆ. "ನಿನ್ನ ಹುಚ್ಚಿಗೆ ನನ್ನ ಬಯ್ಬೇಡ. ನಾನು ಕಲ್ಸಿದ್ದು ಅದು ಸರಿಯಾಗಿ ಕಲ್ತಿದೆ. ನೀನು ಕಲ್ಸಿದ್ದೇ ಕಲ್ತಿಲ್ಲ" ಅಂದೆ. ಆಟೋದವನು ಕನ್ನಡಿಯಲ್ಲಿ ನೋಡಿದ.

ಗಿರಿಜಾ ಆಟೋದ ತೆರೆದ ಬದಿಗೆ ಮುಖ ತಿರುಗಿಸಿದಳು. ಮನೆ ಹತ್ತಿರ ಬಂದಾಗ ಹೇಳಿದಳು: "ಸರಿ ಬಿಡಿ. ನಿಮ್ಮ ಮಾತು ಹೊಸಿಲಿಗೇ ಇರ್ಲಿ. ಕೋಲಿಗೆ ನಾನು ಬೇರೆ ಮಾತು ಕಲಿಸ್ತೀನಿ."

ಮರುದಿನ ಸಾಮಾನೆಲ್ಲ ಓಣಿಯಿಂದ ಖಾಲಿಯಾಯಿತು. ಹಳೇ ಗರಡಿಮನೆಯ ಹಿಂದೆ ಒಂದು ಖಾಲಿ ಜಾಗವಿತ್ತು. ಬಾಷಾ ಸಾಹೇಬರ ಕೈಗಾಡಿಯಲ್ಲಿ ಎಲ್ಲ ಅಲ್ಲಿಗೆ ಹೋಯಿತು. ಮಾರ್ಗಶಿರದ ಚಳಿ, ಬೆಳಿಗ್ಗೆ ಎದುರಿನ ಮನೆ ಕಾಣದಷ್ಟು ಮಂಜು. ಆರೂವರೆಗೆಲ್ಲ ಮಫ್ಲರ್ ಸುತ್ತಿಕೊಂಡು ನಾಯಿ ಹಿಡಿದು ಹೊರಡುತ್ತಿದ್ದಳು. ಶಾಲೆಗೆ ಹೊತ್ತಾಗುವ ಮುಂಚೆ ವಾಪಸು. ನನ್ನ ತಿಂಡಿ ತಟ್ಟೆಯ ಪಕ್ಕ ಕೂತು, "ಇವತ್ತು ಎರಡು ಹಾರ್ತು" ಅನ್ನುವಳು. ಒಂದು ವಾರ ಬಿಟ್ಟು "ಮೂರು". ನಾನು ಉಪ್ಪಿಟ್ಟು ನೋಡಿಕೊಂಡು "ಹೂಂ" ಅನ್ನುವೆ. "ಏನು ಮಾತು ಕಲ್ಸಿದೀನಿ ಅಂತ ಕೇಳಲ್ವಾ?" ಅಂದಳು ಒಂದು ದಿನ. "ನಂಗ್ಯಾಕೆ?" ಅಂದೆ. "ಬಂದು ಕೇಳಿಸ್ಕೊಳ್ಳಿ, ಹೇಳಲ್ಲ" ಅಂದು ನಕ್ಕಳು. ನನ್ನ ಹಟವೂ ಅವಳಿಗೆ ಗೊತ್ತಿತ್ತು. ಕಾಯುತ್ತಿದ್ದಳು.

ಧನುರ್ಮಾಸದ ಒಂದು ಬುಧವಾರ ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಂಡು ತಿರುಗಿ ನಿಂತಳು. "ಇವತ್ತು ಬನ್ರೀ. ನಿನ್ನೆ ಐದು ಹಾರಿದೆ. ಇವತ್ತು ಪೂರ್ತಿ ಮುಗಿಸತ್ತೆ, ನಂಗೊತ್ತು."

"ಮಂಡಿಗೆ ಗುಲ್ಬರ್ಗದಿಂದ ತೊಗರಿ ಲಾರಿ ಬರತ್ತೆ. ಬೆಳಿಗ್ಗೇನೇ ಹೋಗ್ಬೇಕು."

"ಅರ್ಧ ಗಂಟೆ."

"ಆಗಲ್ಲ ಗಿರಿಜಾ."

ಲಾರಿ ಬಂದದ್ದು ಮಧ್ಯಾಹ್ನ ಎರಡಕ್ಕೆ. ಅಲ್ಲಿಯವರೆಗೆ ನಾನು ಖಾಲಿ ತಕ್ಕಡಿಯ ಮುಂದೆ ಕೂತು ಪೇಪರು ಓದಿದೆ. ಅವತ್ತಿನಿಂದ ಅವಳು ನನ್ನ ತಿಂಡಿ ತಟ್ಟೆಯ ಪಕ್ಕ ಲೆಕ್ಕ ಹೇಳಲು ಕೂರಲಿಲ್ಲ.

ಶನಿವಾರ ಬೆಳಿಗ್ಗೆ ಅವಳು ಬಚ್ಚಲ ಬಾಗಿಲಲ್ಲಿ ಕುಸಿದಳು. ಎರಡು ದಿನ ಆಸ್ಪತ್ರೆ. ಹೃದಯದ ಕವಾಟ ಎಂದರು. "ಬಹಳ ದಿನದಿಂದ ಇರ್ಬೇಕು, ಉಸಿರಾಟಕ್ಕೆ ತೊಂದ್ರೆ ಆಗ್ತಿರ್ಲಿಲ್ವಾ?" ಎಂದು ಡಾಕ್ಟರು ಕೇಳಿದರು. ನಾನು, "ನಾಯಿ ಜೊತೆ ಓಡ್ತಿದ್ಲು" ಅಂದೆ. ಸೋಮವಾರ ಹೋಗಿಬಿಟ್ಟಳು. ಆ ಎರಡು ದಿನದಲ್ಲಿ ಅವಳಿಗೆ ಮಾತಾಡಲು ಆಗಲಿಲ್ಲ. ಆಗಿದ್ದರೂ ಕಡ್ಲೆಗೆ ಕಲಿಸಿದ ಆ ಮಾತು ಯಾವುದೆಂದು ನಾನು ಕೇಳುತ್ತಿದ್ದೆನೋ ಇಲ್ಲವೋ ಗೊತ್ತಿಲ್ಲ.

ಕಾರ್ಯವೆಲ್ಲ ಮುಗಿದ ಮೇಲೆ ಬಾಷಾ ಸಾಹೇಬರು ಸಾಮಾನನ್ನು ಕೈಗಾಡಿಯಲ್ಲಿ ವಾಪಸು ತಂದರು. ಕಂಬಿಗಳನ್ನು ಒಂದೊಂದಾಗಿ ಇಳಿಸುತ್ತಾ ಹೇಳಿದರು.

"ಬುಧವಾರ ನೀವಿರ್ಬೇಕಿತ್ತು ಸ್ವಾಮಿ. ಆರೂ ಕೋಲು, ಸುರಂಗ, ಹಲಗೆ, ಎಲ್ಲಾ. ಒಂದ್ಕಡೆನೂ ನಿಲ್ಲಿಲ್ಲ. ಮೇಡಂ ನೆಲದ ಮೇಲೆ ಕೂತ್ಬಿಟ್ರು, ನಗ್ತಾ."

"ಹಾರಕ್ಕೆ ಏನಂತಿದ್ಲು ಸಾಹೇಬ್ರೇ?"

"ಅದು ಗೊತ್ತಿಲ್ಲ. ನಾನು ಗಾಡಿ ಹತ್ರ ಇದ್ದೆ. ಶುರು ಮಾಡೋಕೆ ಮುಂಚೆ ಬಗ್ಗಿ ಅದರ ಕಿವೀಲಿ ಹೇಳ್ತಿದ್ರು, ಆಮೇಲೆ ಜೊತೇಲಿ ಹೋಗ್ತಾ ಪಿಸಪಿಸ ಅಂತ."

"ಅವಳಾ? ಪಿಸಪಿಸ ಅಂತ ಮಾತಾಡೋಳಲ್ವಲ್ಲ ಅವಳು."

ಸಾಹೇಬರು ಕೈಲಿದ್ದ ಕಂಬಿಯನ್ನು ಗೋಡೆಗೆ ಒರಗಿಸಿದರು. "ಕೂಗಕ್ಕೆ ಮೇಡಂಗೆ ಉಸ್ರು ಎಲ್ಲಿತ್ತು ಸ್ವಾಮಿ? ಓಡೋದೂ ಬಿಟ್ಟಿದ್ರು. ನಡ್ಕೊಂಡೇ ಹೋಗ್ತಿದ್ರು. ನಿಮ್ಗೆ ಗೊತ್ತಿತ್ತು ಅಂದ್ಕೊಂಡಿದ್ದೆ."

ಸಂಕ್ರಾಂತಿ ಕಳೆದ ಮೇಲೆ ಒಂದು ಭಾನುವಾರ ಓಣಿಯಲ್ಲಿ ಇಟ್ಟಿಗೆ ಜೋಡಿಸಿ ಒಂದೇ ಒಂದು ಕಂಬಿ ಇಟ್ಟೆ. ಕಡ್ಲೆ ಬಂದು ಅದರ ಮುಂದೆ ಕೂತು ನನ್ನ ಮುಖ ನೋಡಿತು. "ಹೂಂ, ಬಾ" ಅಂದೆ. ತಕ್ಷಣ ಎದ್ದಿತು, ಕಂಬಿಯ ಪಕ್ಕದಿಂದ ಸುತ್ತಿಕೊಂಡು ನನ್ನ ಹತ್ತಿರ ಬಂತು. ಬಾ ಅಂದೆ, ಬಂತು. ನನ್ನ ಮಾತು ಹೊಸಿಲಿಗೆ ಮಾತ್ರ, ಕೋಲಿಗಲ್ಲ ಎಂದು ಗಿರಿಜಾ ಅಷ್ಟು ಚೆನ್ನಾಗಿ ಕಲಿಸಿದ್ದಳು. ಮತ್ತೆ ಕೂರಿಸಿ "ಹಾರು" ಅಂದೆ. "ಓಡು" ಅಂದೆ. "ನಡಿ", "ಹೋಗು", "ಚಿನ್ನ", "ಬಂಗಾರ", ಅವಳು ಶಾಲೆಯಲ್ಲಿ ಮಕ್ಕಳಿಗೆ ಹೇಳುತ್ತಿದ್ದ "ರೆಡಿ, ಸ್ಟಾರ್ಟ್", ಎಲ್ಲ ಹೇಳಿ ನೋಡಿದೆ. ಬಗ್ಗಿ ಕಿವಿಯಲ್ಲೂ ಹೇಳಿದೆ. ಬಾಲ ಅಲ್ಲಾಡಿಸುತ್ತಿತ್ತು, ಕಾಯುತ್ತಿತ್ತು. ಅಮ್ಮ ಹಿತ್ತಲ ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು, "ಅವಳ ಹೆಸ್ರು ಹೇಳಿ ನೋಡೋ" ಅಂದಳು. ಅದನ್ನೂ ಹೇಳಿದೆ. ಕಡ್ಲೆ ಗೇಟಿನ ಕಡೆ ತಿರುಗಿ ನೋಡಿತು.

ಆಮೇಲೆ ಅದು ಒಂಬತ್ತು ವರ್ಷ ಬದುಕಿತು. ಸ್ನಾನ ಮಾಡಿಸುವುದು, ಕಿವಿಯ ಹಿಂದಿನ ಉಣ್ಣೆಹುಳ ತೆಗೆಯುವುದು, ಸಾಹೇಬರ ಮನೆಗೆ ಮೊಟ್ಟೆಗೆ ಕರೆದೊಯ್ಯುವುದು ಎಲ್ಲ ನನ್ನ ಪಾಲಿಗೆ ಬಂತು. ಅಮ್ಮ ಹೋಗುವ ವರ್ಷ ಅದಕ್ಕೆ ನಡುಮನೆಯಲ್ಲಿ ತಾನೇ ಚಾಪೆ ಹಾಸಿದಳು. ಅದು ಮಾತ್ರ ಕೊನೆಯವರೆಗೂ ಹೊಸಿಲ ಮುಂದೆ ಕೂತು ನನ್ನ ಅಪ್ಪಣೆಗೆ ಕಾದೇ ಒಳಗೆ ಬರುತ್ತಿತ್ತು. ಆಗೀಗ ರಜೆಯ ದಿನ ಕಂಬಿ ಇಟ್ಟು, ಹೊಸದಾಗಿ ಹೊಳೆದ ಮಾತೊಂದನ್ನು ಹೇಳಿ ನೋಡುತ್ತಿದ್ದೆ.

ಸುಣ್ಣ ಹೊಡೆದು ಮುಗಿಯಿತು. ಕಂಬಿಗಳಿಗೆ ಎಣ್ಣೆ ಒರೆಸಿ ಪರದೆ ಹಾಕಿಸಿದ್ದೇನೆ. ಸೀಟಿ ದೇವರಮನೆಯ ಗೂಡಿನಲ್ಲಿದೆ, ಸುರಂಗ ಅಟ್ಟದ ಮೇಲಿದೆ. ಕಡ್ಲೆಯ ಕಿವಿಯಲ್ಲಿ ಗಿರಿಜಾ ಹೇಳುತ್ತಿದ್ದ ಮಾತು ಯಾವುದೆಂದು ನನಗೆ ಇನ್ನೂ ಗೊತ್ತಿಲ್ಲ.